ಟಿವಿ ನೋಡಿದ ಸಾಕ್ಷಿ: ಒಂದು ಕೊಲೆ ಕೇಸು ನಡೆಸಿದ ನನ್ನ ಅನುಭವ

ಆ ಕೇಸಿಗೆ ವಕಾಲತ್ತು ಹಾಕಿದಾಗ ಬಾರ್ ರೂಮಿನಲ್ಲಿ ಸಿಕ್ಕ ಸಲಹೆ ಒಂದೇ: "ಕೇಸು ಬೇರೆ ಜಿಲ್ಲೆಗೆ ಹೋಗೋ ಹಂಗ ಟ್ರಾನ್ಸ್‌ಫರ್ ಅರ್ಜಿ ಹಾಕು, ಇಲ್ಲಾ ಕೈ ಬಿಡು." ಕೊಪ್ಪಳ ಜಿಲ್ಲೆಯ ಒಂದು ಪಟ್ಟಣದಲ್ಲಿ ರಾತ್ರಿ ಕಿರಾಣಿ ಅಂಗಡಿಯವನ ಕೊಲೆ. ಬಂದ್ ಆಯಿತು, ಟೈರು ಸುಟ್ಟರು, ಗಲ್ಲಿಗೇರಿಸಿ ಅಂತ ತಹಶೀಲ್ದಾರರಿಗೆ ಮನವಿ ಕೊಟ್ಟರು. ಆರೋಪಿ ಟಂಟಂ ಓಡಿಸುವ ಹುಡುಗ. ಅವನ ಪರ ಯಾರೂ ನಿಲ್ಲಬಾರದು ಅಂತ ಒಂದು ವಕೀಲರ ಸಂಘ ಠರಾವು ಮಾಡಿತ್ತು. ಅಂಥ ಠರಾವು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು 2010ರಲ್ಲೇ ಮಹಮ್ಮದ್ ರಫಿ ಕೇಸಿನಲ್ಲಿ ಹೇಳಿದೆ. ಅದರ ಪ್ರತಿ ತೆಗೆಸಿ ಮೇಜಿನ ಮೇಲಿಟ್ಟು ಬಂದೆ. ದಂಡ ಬೇರೆ ಕಡೆ ಬಿತ್ತು: ಮೂರ್ನಾಲ್ಕು ಸಿವಿಲ್ ಕಕ್ಷಿದಾರರು ಫೈಲು ವಾಪಸ್ ಒಯ್ದರು. ಹೆಚ್ಚೂಕಡಿಮೆ ಅರವತ್ತು ಸಾವಿರದ ಕೆಲಸ.

ಟ್ರಾನ್ಸ್‌ಫರ್ ಯಾಕೆ ಬೇಡ ಅಂದೆ? ಅದಕ್ಕಿಂತ ಹಿಂದಿನ ಒಂದು ಕೇಸಿನಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 407ರ ಕೆಳಗೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ, ಕೊಪ್ಪಳದಿಂದ ಬಳ್ಳಾರಿಗೆ ವರ್ಗ ಮಾಡಿಸಿಕೊಂಡಿದ್ದೆ. ಸೀನಿಯರ್ ಫೀಸು, ಓಡಾಟ, ನಕಲು ಎಲ್ಲ ಸೇರಿ ಮನೆಯವರಿಗೆ ಲಕ್ಷದ ಹತ್ತಿರ ಹತ್ತಿತು. ಊರು ಬದಲಾಯಿತು, ಸಾಕ್ಷಿಗಳು ಅವರೇ. ಶಿಕ್ಷೆ ಆಯಿತು. ಮಾಧ್ಯಮದ ಮೇಲೆ ತಡೆಯಾಜ್ಞೆ ಅನ್ನೋದು ಬೆಂಗಳೂರಿನ ಸಾಹುಕಾರರ ಆಟ, ಟಂಟಂ ಹುಡುಗನಿಗಲ್ಲ. ಇನ್ನು ಲಿಖಿತ ವಾದದಲ್ಲಿ 1997ರ ರಾಜೇಂದ್ರ ಗಾಂಧಿ, 2010ರ ಮನು ಶರ್ಮಾ ತೀರ್ಪುಗಳ ಪ್ಯಾರಾ ಹಾಕುತ್ತೇವಲ್ಲ, ಮಾಧ್ಯಮ ವಿಚಾರಣೆ ತಪ್ಪು ಅನ್ನೋವು. ನ್ಯಾಯಾಧೀಶರು ಅವನ್ನು ಓದಿ, ತಲೆಯಾಡಿಸಿ, ಪುಟ ತಿರುವುತ್ತಾರೆ.

ನಮ್ಮ ಸೀನಿಯರೊಬ್ಬರು ಮಾತೆತ್ತಿದರೆ ನಾನಾವತಿ ಕೇಸು ತೆಗೆಯುತ್ತಾರೆ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿಯದು. 1959ರಲ್ಲಿ ಬಾಂಬೆಯ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನ, 8-1ರಲ್ಲಿ ನಿರಪರಾಧಿ ಅಂದಿತು, ಬ್ಲಿಟ್ಜ್ ಪತ್ರಿಕೆ ಅವನ ಬೆನ್ನಿಗಿತ್ತು, ಸೆಷನ್ಸ್ ಜಡ್ಜು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. "ಈಗ ಜ್ಯೂರಿ ಇಲ್ಲ ಬಿಡಪ್ಪ, ಜಡ್ಜು ಕಾನೂನು ಓದಿದವರು, ಜನರ ಗದ್ದಲ ಅವರಿಗೆ ತಟ್ಟಲ್ಲ" ಅನ್ನೋದು ಅವರ ವಾದ. ಇರಲಿ, ಒಪ್ಪೋಣ. ಗದ್ದಲ ಹೊಕ್ಕೋದು ಸಾಕ್ಷಿಕಟ್ಟೆಯಲ್ಲಿ ನಿಂತವರ ನೆನಪಿಗೆ. ನಾನು ಹಿಡಿದದ್ದು ಅದನ್ನು.

ಮಾಡಿದ್ದಿಷ್ಟು. ಟಿವಿ, ಯೂಟ್ಯೂಬ್, ಪೇಪರಿನಲ್ಲಿ ಹುಡುಗನ ಮುಖ ಬಂದದ್ದನ್ನೆಲ್ಲ ದಿನಾಂಕ, ವೇಳೆ ಸಮೇತ ಒಂದು ಖಾತೆ ಪುಸ್ತಕಕ್ಕೆ ಇಳಿಸಿದೆ. ಪಕ್ಕದ ಕಾಲಂನಲ್ಲಿ 161 ಹೇಳಿಕೆಗಳು (ಸಾಕ್ಷಿಗಳು ಪೊಲೀಸರಿಗೆ ಕೊಟ್ಟವು), ಆಮೇಲೆ ಸೇರಿಸಿದ ಪುರವಣಿ ಹೇಳಿಕೆಗಳು, ಸಾಕ್ಷಿ ಆರೋಪಿಯ ಗುರುತು ಹಿಡಿಯುವ ಟಿಐ ಪರೇಡಿನ ದಿನ. "ಏನ್ರೀ, ಟಿವಿ ನೋಡ್ಕೋತ ಕುಂತ್ರ ಖುಲಾಸೆ ಆಗ್ತದೇನು?" ಅಂತ ನಕ್ಕವರು ಬಹಳ. ವಾಟ್ಸಾಪಿನಲ್ಲಿ ಓಡಾಡಿದ ವಿಡಿಯೋ ಕೆಲಸಕ್ಕೆ ಬರಲಿಲ್ಲ, ಮೂಲವೂ ಇಲ್ಲ ತಾರೀಖೂ ಇಲ್ಲ. ಫುಟೇಜ್ ಹಾಜರುಮಾಡಿ ಅಂತ ಚಾನೆಲ್ಲಿಗೆ 91ರ ಕೆಳಗೆ ಸಮನ್ಸ್ ಹೋಯಿತು, ಫುಟೇಜ್ ಅಳಿಸಿ ಹೋಗಿದೆ ಅಂತ ಉತ್ತರ ಬಂತು. ನಾನೇ ಇಳಿಸಿಕೊಂಡರೆ ವಕೀಲನೂ ನಾನೇ, ಸಾಕ್ಷಿಯೂ ನಾನೇ ಆಗಬೇಕು. ಹಾಗಾಗಿ ಹುಡುಗನ ಅಕ್ಕನ ಮಗ, ಡಿಪ್ಲೊಮಾ ಓದಿದವನು, ತನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿದ. ಎಲೆಕ್ಟ್ರಾನಿಕ್ ಪುರಾವೆಗೆ ಬೇಕಾದ 65ಬಿ ಸರ್ಟಿಫಿಕೇಟ್ ಅವನದೇ, ಡಿಡಬ್ಲ್ಯು-2 (ಆರೋಪಿ ಪರ ಎರಡನೇ ಸಾಕ್ಷಿ) ಆಗಿ ಬಂದು ಗುರುತಿಸಿದ. ಸುಪ್ರೀಂ ಕೋರ್ಟಿನ 2020ರ ಖೋತ್ಕರ್ ತೀರ್ಪಿನ ಮೇಲೆ ಸರ್ಟಿಫಿಕೇಟ್ ಇಲ್ಲದೆ ನಡೆಯಲ್ಲ ಅಂತ ನಿಮಗೆ ಹೇಳಬೇಕಿಲ್ಲ. ಪೆನ್‌ಡ್ರೈವು, ಪ್ರಿಂಟು ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ. ಅಪ್‌ಲೋಡ್ ಆದ ನಿಖರ ವೇಳೆ ಹೇಗೆ ತೆಗೆಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚಾಟವೂ ಆಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಹತ್ತು ಹನ್ನೆರಡು ಜನರನ್ನು "ಆ ಕೊಲೆ ಮಾಡಿದವ ಹೆಂಗಿದ್ದ?" ಅಂತ ಕೇಳಿದೆ. ಒಬ್ಬನೂ ಅವನನ್ನು ಕಣ್ಣಾರೆ ಕಂಡವನಲ್ಲ. ಏಳೆಂಟು ಜನ ಕೆಂಪು ಟವೆಲ್ ಅಂದರು. ಆ ಟವೆಲ್ ಕೋರ್ಟಿಗೆ ತರುವಾಗ ಪೊಲೀಸರು ಹೊದಿಸಿದ್ದು! ಪುರಾವೆಗೆ ಬರಲ್ಲ, ಚಹಾದ ದುಡ್ಡು ಹೋಯಿತು, ಆದರೆ ಏನು ಹುಡುಕಬೇಕು ಅನ್ನೋದು ಗೊತ್ತಾಯಿತು.

ಕಣ್ಣಾರೆ ಕಂಡ ಸಾಕ್ಷಿ ಒಬ್ಬ ಹೆಣ್ಣುಮಗಳು, ಪಿಡಬ್ಲ್ಯು-3 (ಸರ್ಕಾರದ ಪರ ಮೂರನೇ ಸಾಕ್ಷಿ). ಮುಖ್ಯ ವಿಚಾರಣೆಯಲ್ಲಿ "ಕುರುಚಲು ಗಡ್ಡ, ಮೋಟು ಕೂದಲ" ಅಂದಳು. ಮೊದಲ ಹೇಳಿಕೆಯಲ್ಲಿ ಗಡ್ಡದ ಸುದ್ದಿಯೇ ಇಲ್ಲ, ಮೊದಲು ಹೇಳದೆ ಬಿಟ್ಟದ್ದು ಅಂತ ಒಮಿಷನ್ ದಾಖಲಾಯಿತು. ನನ್ನ ಹುಡುಗ ಘಟನೆಗೆ ಎರಡು ದಿನ ಮುಂಚೆ ತಿರುಪತಿಯಲ್ಲಿ ಮುಡಿ ಕೊಟ್ಟು ಹರಿಪ್ರಿಯ ರೈಲಿಗೆ ಬಂದವನು. ತಲೆ, ಗದ್ದ ಎರಡೂ ನುಣ್ಣಗೆ. ಬಂಧನ ಆದದ್ದು ತಿಂಗಳ ಮೇಲೆ, ಅಷ್ಟೊತ್ತಿಗೆ ಕೂದಲು ಚಿಗುರಿತ್ತು. ಟಿವಿಯಲ್ಲಿ ಬಂದದ್ದು ಆ ಮುಖ. ಪರೇಡು ನಡೆದದ್ದು ಅದಾಗಿ ಎರಡು ವಾರಕ್ಕೆ.

ಪ್ರಶ್ನೆಗಳ ಸರಣಿ ಇಲ್ಲಿ ಬರೆಯೋದಿಲ್ಲ, ಮುಂದಿನ ಕೇಸಿಗೆ ಬೇಕು. ಕೊನೆಯವೆರಡು ಹೇಳುತ್ತೇನೆ.

"ಪರೇಡಿಗಿಂತ ಮೊದಲ ಮೊಬೈಲ್‌ನಾಗ ಈತನ ವಿಡಿಯೋ ನೋಡಿದ್ರೇನು?"

"ಎಲ್ಲಾರೂ ನೋಡ್ಯಾರ್ರಿ, ನಾನೂ ನೋಡೀನಿ."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ರಿ."

ಆಕೆ ಸುಳ್ಳು ಹೇಳಲಿಲ್ಲ ಅಂತ ವಾದದಲ್ಲೂ ಹೇಳಿದೆ, ಈಗಲೂ ಹೇಳುತ್ತೇನೆ. ಎದುರಿನ ವಕೀಲರು, ನಾವು ಹಾಜರುಮಾಡಿದ್ದ ಮುಡಿ ಕೊಟ್ಟಾಗಿನ ತಿರುಪತಿ ಫೋಟೋದ ತಾರೀಖಿನ ಮೇಲೆ ಬಿದ್ದರು. ಫೋಟೋ ಒಂದೇ ಇದ್ದಿದ್ದರೆ ನಿಲ್ಲುತ್ತಿರಲಿಲ್ಲವೇನೋ, ಗಡ್ಡ ಎಲ್ಲಿಂದ ಬಂತು ಅನ್ನೋದಕ್ಕೆ ಖಾತೆ ಪುಸ್ತಕ ಉತ್ತರ ಕೊಟ್ಟಿತು. ಹುಡುಗನ ಹೇಳಿಕೆಯ ಮೇಲೆ ಸಿಕ್ಕಿತು ಅಂತ ಪೊಲೀಸರು ತೋರಿಸಿದ 27ರ ಚಾಕು, ವಶಪಡಿಸಿದ್ದಕ್ಕೆ ಸಾಕ್ಷಿಯಾದ ಪಂಚರ ಕೈಯಲ್ಲೇ ಬಿದ್ದುಹೋಯಿತು. ವಾದ ಶುರುವಾದಾಗ ನ್ಯಾಯಾಧೀಶರು "ಟಿವಿ ನೋಡಿ ನಾನು ತೀರ್ಪು ಬರೆಯಲ್ಲ" ಅಂತ ಗದರಿದ್ದರು. ತೀರ್ಪಿನಲ್ಲಿ ಗುರುತಿಸುವಿಕೆ ನಂಬಲರ್ಹವಲ್ಲ ಅನ್ನೋದಕ್ಕೇ ನಾಲ್ಕೈದು ಪುಟ ಬರೆದರು, ಹುಡುಗ ಖುಲಾಸೆಯಾದ. ನಕ್ಕವರಲ್ಲಿ ಇಬ್ಬರು ಈಗ ಖಾತೆ ಪುಸ್ತಕದ ನಮೂನೆ ಕೇಳುತ್ತಿದ್ದಾರೆ.

ಫೀಸು ಮಾತಾಡಿದ್ದು ಐವತ್ತು ಸಾವಿರ, ಕೈಗೆ ಬಂದದ್ದು ಮೂವತ್ತರ ಆಸುಪಾಸು, ಅದೂ ಕಂತಿನಲ್ಲಿ. ಸರ್ಕಾರ ಮೇಲ್ಮನವಿ ಹಾಕಿದೆ, ಧಾರವಾಡಕ್ಕೆ ನಾನೇ ಹೋಗಬೇಕು. ಇದು ಹಳೇ ಕಾನೂನಿನ ಕೇಸು. 2024ರ ಜುಲೈ ನಂತರದವಕ್ಕೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಬರುತ್ತದೆ, ಫೈಲು ತಿದ್ದಿಲ್ಲ ಅಂತ ತೋರಿಸುವ ಹ್ಯಾಶ್ ವ್ಯಾಲ್ಯೂ ಹಾಕಬೇಕು, ಸರ್ಟಿಫಿಕೇಟಿನ ಬಿ ಭಾಗಕ್ಕೆ ತಜ್ಞನ ಸಹಿ ಬೇಕು. ಕಡಿಮೆ ದುಡ್ಡಿಗೆ ಸಹಿ ಹಾಕುವ ತಜ್ಞ ಹೊಸಪೇಟೆ, ಗಂಗಾವತಿ ಕಡೆ ಯಾರಾದರೂ ಇದ್ದರೆ ತಿಳಿಸಿ.