ತೂತುಗಳಲ್ಲಿ ಬಿಡಿಸಿದ ಯಂತ್ರ

ನನ್ನ ಗ್ರಾಫಿಕ್ ಕಾದಂಬರಿಯ ಮೊದಲ 20 ಪುಟಗಳನ್ನು ನಾನೇ ಹರಿದು ಹಾಕಿದೆ. ಕೆರೆಯ ಹೂಳೆತ್ತುವಾಗ ಸಿಕ್ಕ ಯಂತ್ರವನ್ನು ಊರವರು ದೇವರೆಂದು ಪೂಜಿಸುವ ಕಥೆ ಅದು. ಬಿಡಿಸಿದ್ದು ಮಾತ್ರ ಯಾವುದೋ ವಿಡಿಯೋ ಗೇಮ್‌ನಿಂದ ಎದ್ದು ಬಂದ ಹಾಗಿತ್ತು. ಫಳಫಳ ಲೋಹ, ನೀಲಿ ಲೈಟು. ಅದಕ್ಕೆ ಯಾರು ಕಾಯಿ ಒಡೀತಾರೆ ಹೇಳಿ?

ದಾರಿ ಸಿಕ್ಕಿದ್ದು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ತೊಗಲುಗೊಂಬೆಗಳಲ್ಲಿ. ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ಆಸ್ಥೆಯಿಂದ ಕೂಡಿಸಿದ ಗೊಂಬೆಗಳವು. ರಾಜ ದೊಡ್ಡವನು, ಆಳು ಚಿಕ್ಕವನು. ಕೆಲವು ಕಡೆ ಒಂದೇ ತೊಗಲಿನೊಳಗೆ ಇಡೀ ದೃಶ್ಯ. ಕಾಮಿಕ್ಸ್‌ನ ಚೌಕಟ್ಟೇ ಅಲ್ವಾ ಇದು ಅನ್ನಿಸಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಡವೆಗಳು. ತೊಗಲಿಗೆ ಸಣ್ಣ ಸಣ್ಣ ತೂತು ಹೊಡೆದು ಮಾಡಿದ್ದಾರೆ. ಹಿಂದೆ ದೀಪ ಇಟ್ಟರೆ ತೊಗಲು ಇಲ್ಲದ ಜಾಗವೇ ಹೆಚ್ಚು ಹೊಳೆಯುತ್ತದೆ.

ಮನೆಗೆ ಬಂದವನೇ ಯಂತ್ರವನ್ನು ಹಾಗೇ ಬಿಡಿಸಿದೆ. ಗೆರೆ ಇಲ್ಲ, ಬಣ್ಣ ಇಲ್ಲ. ಕಪ್ಪು ಮಸಿಯ ನಡುವೆ ಬರೀ ಬಿಳಿ ಚುಕ್ಕಿ. ಯಂತ್ರ ಎಚ್ಚರವಾದಷ್ಟೂ ಚುಕ್ಕಿ ಜಾಸ್ತಿ. ಅದು ಎದ್ದಿದೆ ಎಂದು ಪೂಜಾರಿ ಬಾಯಲ್ಲಿ ಹೇಳಿಸಿದ್ದ ಮಾತೆಲ್ಲ ದಂಡ ಅನ್ನಿಸಿ ಹೊಡೆದು ಹಾಕಿದೆ. ಗಾತ್ರದ ಆಟವನ್ನೂ ಎತ್ತಿಕೊಂಡೆ. ಪುಟ 12ರಲ್ಲಿ ಊರ ಗೌಡ ಬಾಗಿಲಿನಷ್ಟು ಎತ್ತರ. ಹೆದರುತ್ತಾ ಹೆದರುತ್ತಾ ಪುಟ 60ರ ಹೊತ್ತಿಗೆ ಬಿಂದಿಗೆಯಷ್ಟಾಗುತ್ತಾನೆ. ಕಥೆಯಲ್ಲಿ ಯಾರೂ ಅದರ ಸುದ್ದಿ ಎತ್ತುವುದಿಲ್ಲ.

ಸತಾಯಿಸಿದ್ದು ಮುಖಗಳು. ಗೊಂಬೆಗಳ ಹಾಗೆ ಎಲ್ಲರನ್ನೂ ಪಕ್ಕದಿಂದಲೇ ತೋರಿಸಿದೆ. ನೋಡಲು ಚೆಂದ, ಆದರೆ ಇಬ್ಬರು ಜಗಳಕ್ಕೆ ನಿಂತರೆ ಎರಡು ನಾಣ್ಯ ಎದುರುಬದುರು ಇಟ್ಟ ಹಾಗೆ! ಕೊನೆಗೆ ಸಿಟ್ಟನ್ನೆಲ್ಲ ಕೈಬೆರಳುಗಳಿಗೆ ಇಳಿಸಿದೆ.

ಮಾತಿನ ಗುಳ್ಳೆಗಳದ್ದು ಬೇರೆಯೇ ರಗಳೆ. ಪೂಜಾರಿ 'ಶಾಸ್ತ್ರ' ಅಂದಾಗಲೆಲ್ಲ ಆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ. ಸಾಲು ದೂರ ಮಾಡಿದರೆ ಗುಳ್ಳೆ ಉಬ್ಬಿ ಚಿತ್ರವನ್ನೇ ನುಂಗುತ್ತದೆ. ಈಗ ಮೊದಲು ಮಾತು ಬರೆದು, ಉಳಿದ ಜಾಗದಲ್ಲಿ ಚಿತ್ರ ಕೂರಿಸುತ್ತೇನೆ. ಪೂಜಾರಿಯೂ ಸ್ವಲ್ಪ ಕಡಿಮೆ ಶಾಸ್ತ್ರ ಮಾತಾಡುತ್ತಾನೆ.

ಮೊದಲ ಪ್ರಿಂಟ್ ತಂದ ದಿನ ಅಮ್ಮನಿಗೆ ಕೊಟ್ಟೆ. ಯಂತ್ರ ಬರುವ ಪುಟದಲ್ಲಿ ನಿಂತರು. ಕನ್ನಡಕ ಸರಿಮಾಡಿಕೊಂಡು, ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ತೂತು ನಿಜವಾಗಿಯೂ ಇದೆಯಾ ಅಂತ.