ಹಲವರ ಹಣ, ಒಂದೇ ಖಾತೆ: ಕೆರೆ ಹೂಳೆತ್ತಲು ಕೂಡು ನಿಧಿ ಕಟ್ಟುವ ಬಗೆ

ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ಕೆರೆ ಹೂಳೆತ್ತುವ ಮಾತು ಬಂದರೆ ಈಗ ಹಣ ಕೊಡುವವರು ಒಬ್ಬರಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನ ಹುಡುಗರು, ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ ನಿಧಿ), ಮಠ, ಶಾಲೆಯ ಹಳೇ ವಿದ್ಯಾರ್ಥಿಗಳು, ಹೊರದೇಶದಲ್ಲಿರುವ ಯಾರದೋ ಮಗ. ಒಬ್ಬೊಬ್ಬರೂ ಬೇರೆ ಅಂದಾಜು ಪಟ್ಟಿ, ಬೇರೆ ಗುತ್ತಿಗೆದಾರ, ಬೇರೆ ವರದಿ ಕೇಳಿದರೆ ಪಿಡಿಒ ಕಾಗದ ಬರೆಯುವುದರಲ್ಲೇ ಬೇಸಿಗೆ ಮುಗಿಯುತ್ತದೆ. ಒಂದೇ ಗುಂಡಿಗೆ ಎರಡು ಬಿಲ್ ಬೀಳುವುದೂ ಇಂಥ ಕಡೆಯೇ.

ಯುದ್ಧದಲ್ಲಿ ಕುಸಿದ ದೇಶಗಳಲ್ಲಿ ಈ ತೊಂದರೆ ಇನ್ನೂ ದೊಡ್ಡದು. ಅದಕ್ಕೆಂದೇ 2002ರಲ್ಲಿ ಅಫ್ಘಾನಿಸ್ತಾನ ಪುನರ್ನಿರ್ಮಾಣ ನಿಧಿ ಶುರುವಾಯಿತು. ವರ್ಷಗಳಲ್ಲಿ 34 ದಾನಿಗಳ ಹಣ ಒಂದೇ ಕಡೆ ಸೇರಿತು, ವಿಶ್ವಬ್ಯಾಂಕ್ ನಿಧಿಪಾಲಕನಾಯಿತು, ಹಣ ಬಹುಪಾಲು ಸರ್ಕಾರದ ಖಜಾನೆಯ ಮೂಲಕವೇ ಹೋಯಿತು. ಶಿಕ್ಷಕರ ಸಂಬಳವೂ ಅದರಿಂದ ಬಂತು. ಅಲ್ಲಿ ಸರಿಹೋದದ್ದು, ಕೆಟ್ಟದ್ದು ಎರಡರಿಂದಲೂ ನಮ್ಮ ಕೆರೆ ಸಮಿತಿಗಳು ಎತ್ತಿಕೊಳ್ಳಬೇಕಾದ ನಿಯಮಗಳಿವೆ. ಎಲ್ಲದರ ತಿರುಳು ಇಷ್ಟು: ದಾನಿಗಳು ಹೋದ ಮೇಲೂ ಉಳಿಯುವುದು ಪಂಚಾಯಿತಿ. ಅದನ್ನು ಬದಿಗೊತ್ತಿ ಎತ್ತಿದ ಹೂಳಿಗೆ ಮುಂದಿನ ವರ್ಷ ಹೇಳುವವರು ಕೇಳುವವರು ಇರುವುದಿಲ್ಲ.

ಮೊದಲು ಕೆರೆ ಯಾರದು ಎಂದು ನೋಡಿ

ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಯದು. 40ರಿಂದ 2,000 ಹೆಕ್ಟೇರ್ ಆದರೆ ಸಣ್ಣ ನೀರಾವರಿ ಇಲಾಖೆಯದು. ಅನುಮತಿ ಅಲ್ಲಿಂದಲೇ, ಬರಹದಲ್ಲೇ ಬರಬೇಕು. ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ ಗಡಿ ಕಲ್ಲು ಹಾಕಿಸಿ. ಒತ್ತುವರಿ ಇತ್ಯರ್ಥವಾಗುವ ಮೊದಲೇ ಹಿಟಾಚಿ (ಅಗೆಯುವ ಯಂತ್ರ) ಇಳಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಬಾಡಿಗೆ ಓಡುತ್ತಲೇ ಇರುತ್ತದೆ. ಆಮೇಲೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಕಾಮಗಾರಿಯನ್ನು ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಿ. ದುಡ್ಡು ಹೊರಗಿನದಾದರೂ ಹೆಸರು ಆ ಪಟ್ಟಿಯಲ್ಲಿರಲಿ.

ಹಣ ಹಿಡಿಯುವವರು, ಕೆಲಸ ಮಾಡುವವರು ಬೇರೆ ಬೇರೆ

ನಿಧಿಪಾಲಕ ಸಂಸ್ಥೆ ಒಂದು ನೋಂದಾಯಿತ ಟ್ರಸ್ಟ್ ಅಥವಾ ಸಂಘವಾಗಿರಲಿ. ಈ ಕೆರೆಗೆಂದೇ ಪ್ರತ್ಯೇಕ ಖಾತೆ. ಮೂವರ ಸಹಿ ದಾಖಲು, ಇಬ್ಬರ ಸಹಿ ಸಾಕು, ಆ ಇಬ್ಬರಲ್ಲಿ ಒಬ್ಬರು ಊರಿನ ಹೊರಗಿನವರು. ಯಾರ ಸ್ವಂತ ಖಾತೆಗೂ, ಯಾರ ಫೋನ್‌ಪೇ ನಂಬರಿಗೂ ಒಂದು ರೂಪಾಯಿ ಬರಬಾರದು. ಪಂಚಾಯಿತಿ ಕಾರ್ಯಾದೇಶ ಕೊಡುತ್ತದೆ, ಎಂಜಿನಿಯರ್ ಅಳತೆ ಬರೆಯುತ್ತಾರೆ, ಸಮಿತಿ ಒಪ್ಪುತ್ತದೆ, ನಿಧಿಪಾಲಕರು ಗುತ್ತಿಗೆದಾರನ ಖಾತೆಗೆ ನೇರವಾಗಿ ಹಾಕುತ್ತಾರೆ. ಈ ನಾಲ್ಕು ಕೈ ಒಂದಾದ ದಿನ ನಿಧಿ ಕೆಟ್ಟಿತು ಎಂದೇ ತಿಳಿಯಿರಿ.

ಸಮಿತಿ ಏಳು ಜನರದ್ದು ಸಾಕು: ದಾನಿಗಳ ಕಡೆಯಿಂದ ಇಬ್ಬರು, ಪಂಚಾಯಿತಿಯಿಂದ ಇಬ್ಬರು, ಅಚ್ಚುಕಟ್ಟಿನ ರೈತರು ಇಬ್ಬರು, ಸ್ವಸಹಾಯ ಸಂಘದ ಒಬ್ಬ ಹೆಣ್ಣುಮಗಳು. ಎಂಜಿನಿಯರ್ ಕೂರಬಹುದು, ಮತ ಹಾಕುವಂತಿಲ್ಲ. ಹೆಚ್ಚು ಕೊಟ್ಟವರಿಗೆ ಹೆಚ್ಚು ಮತ ಎಂಬುದು ಬೇಡವೇ ಬೇಡ.

ಯಾವ ಹಣ ಕೂಡುತ್ತದೆ, ಯಾವುದು ಕೂಡುವುದಿಲ್ಲ

ಉತ್ಸಾಹದಿಂದ ಹೊರಟವರು ಹೆಚ್ಚು ಎಡವುವುದು ಇಲ್ಲೇ. ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗೆ ಇಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ, ಆದಾಯ ತೆರಿಗೆ ನೋಂದಣಿ, ಜೊತೆಗೆ ಸಿಎಸ್‌ಆರ್-1 ಸಂಖ್ಯೆ (ಕಂಪನಿ ವ್ಯವಹಾರ ಸಚಿವಾಲಯದ ನೋಂದಣಿ) ಬೇಕು. ಹೋದ ತಿಂಗಳು ಕಟ್ಟಿದ ಊರಿನ ಟ್ರಸ್ಟಿಗೆ ಅದು ಸಿಗದು. ಜಿಲ್ಲೆಯಲ್ಲಿ ಹಳೆಯದಾಗಿ ಕೆಲಸ ಮಾಡುತ್ತಿರುವ ಸಂಸ್ಥೆಯೊಂದನ್ನು ನಿಧಿಪಾಲಕರಾಗಲು ಕೇಳುವುದೇ ಸಲೀಸು.

ಹೊರದೇಶದ ಹಣದಲ್ಲಿ ಎರಡು ಬಗೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಪರವಾನಗಿ ಬೇಕು, ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಮತ್ತು 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆದ್ದರಿಂದ ಆ ಹಣವನ್ನು ಕೂಡು ಖಾತೆಗೆ ಸೇರಿಸಲೇಬೇಡಿ. ಪರವಾನಗಿ ಇರುವ ಸಂಸ್ಥೆ ಕೋಡಿ (ಹೆಚ್ಚಿನ ನೀರು ಹೊರಹರಿಯುವ ಜಾಗ) ದುರಸ್ತಿಯಂಥ ಒಂದು ಪ್ರತ್ಯೇಕ ಕೆಲಸವನ್ನು ತಾನೇ ಮಾಡಿಸಲಿ.

ಸರ್ಕಾರಿ ಹಣವೂ ಹಾಗೆಯೇ. ಚಿತ್ರದುರ್ಗ ಗಣಿ ಜಿಲ್ಲೆಯಾದ್ದರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ (ಗಣಿಯವರು ಕಟ್ಟುವ ಹಣದ ನಿಧಿ) ನೆರವು ಕೇಳುವವರಿದ್ದಾರೆ. ಕೇಳಿ, ಆದರೆ ಆ ಕಾಮಗಾರಿಗೆ ಬೇರೆ ಅಂದಾಜು, ಬೇರೆ ಅಳತೆ ಪುಸ್ತಕ ಇರಲಿ. ಉದ್ಯೋಗ ಖಾತ್ರಿಯ ಕೂಲಿ ಕೆಲಸವನ್ನು ಯಂತ್ರದ ಕೆಲಸದ ಜೊತೆ ಬೆರೆಸಬೇಡಿ.

ದಾನಿಯ ಆಸೆಗೆ ಮಿತಿ

"ನಮ್ಮ ದುಡ್ಡು ಸೋಪಾನಕ್ಕೇ ಆಗಬೇಕು, ಅಪ್ಪನ ಹೆಸರಿನ ಕಲ್ಲು ಹಾಕಬೇಕು" ಎನ್ನುವವರು ಇದ್ದೇ ಇರುತ್ತಾರೆ. ಎಲ್ಲರ ಆಸೆ ನಡೆಸಿಕೊಟ್ಟರೆ ಮೆಟ್ಟಿಲು, ಕಮಾನು, ಬೆಂಚು ಆಗುತ್ತವೆ. ಗದ್ದೆಗೆ ನೀರು ಬಿಡುವ ತೂಬಿನ ಬಾಗಿಲಿಗೆ ಕಾಸಿರುವುದಿಲ್ಲ. ಅಫ್ಘಾನ್ ನಿಧಿಯಲ್ಲಿ ದಾನಿ ದೇಶವೊಂದು ತನ್ನ ವರ್ಷದ ಕೊಡುಗೆಯ ಅರ್ಧದವರೆಗೆ ಮಾತ್ರ ಇಂಥದ್ದಕ್ಕೆ ಆಗಲಿ ಎಂದು ಇಚ್ಛೆ ಹೇಳಬಹುದಿತ್ತು, ಉಳಿದರ್ಧ ನಿಧಿಯ ತೀರ್ಮಾನಕ್ಕೆ ಬಿಟ್ಟದ್ದು. ಇದನ್ನೇ ಒಪ್ಪಂದ ಪತ್ರದಲ್ಲಿ ಬರೆದುಕೊಳ್ಳಿ. ಗುತ್ತಿಗೆದಾರನನ್ನು ಸೂಚಿಸುವ ಹಕ್ಕು ಮಾತ್ರ ಯಾವ ದಾನಿಗೂ ಇರಬಾರದು.

ಲೆಕ್ಕ ಹಾಕುವ ರೀತಿ

1 ಎಕರೆಯಲ್ಲಿ 1 ಅಡಿ ಆಳ ತೆಗೆದರೆ 43,560 ಘನ ಅಡಿ, ಅಂದರೆ ಸುಮಾರು 1,233 ಘನ ಮೀಟರ್. 10 ಎಕರೆಯಲ್ಲಿ 2 ಅಡಿ ಎಂದರೆ ಸುಮಾರು 24,670 ಘನ ಮೀಟರ್. ಅಗೆದು ತುಂಬಿಸುವುದಕ್ಕೆ ಘನ ಮೀಟರಿಗೆ ₹40 ಎಂದು ಉದಾಹರಣೆಗೆ ಹಿಡಿದರೆ ₹9.87 ಲಕ್ಷ, ನಿಮ್ಮೂರಿನ ದರಕ್ಕೆ ಮೂರು ಕೊಟೇಶನ್ ತರಿಸಿ. ತೂಬು, ಕೋಡಿ ದುರಸ್ತಿಗೆ ₹1.50 ಲಕ್ಷ. ಎರಡರ ಮೇಲೆ ಶೇ 10 ಆಕಸ್ಮಿಕ ಖರ್ಚು, ₹1.14 ಲಕ್ಷ. ಅಳತೆ ಮತ್ತು ಆಡಿಟ್‌ಗೆ ₹42 ಸಾವಿರ. ಒಟ್ಟು ₹14 ಲಕ್ಷ ಕೂಡಿಸಿದ್ದರೆ ಮೂರು ವರ್ಷದ ನಿರ್ವಹಣೆಗೆ ₹1.07 ಲಕ್ಷ ಉಳಿಯುತ್ತದೆ. ಈ ಕೊನೆಯ ಮೊತ್ತವನ್ನು ಮೊದಲ ದಿನವೇ ಎತ್ತಿಡಿ.

ಇನ್ನು ಲೋಡಿನ ಲೆಕ್ಕ. ಅಗೆದ ಮಣ್ಣು ಉಬ್ಬುತ್ತದೆ. ಶೇ 25 ಎಂದು ಹಿಡಿಯಿರಿ. 100 ಘನ ಅಡಿಯ ಟ್ರೇಲರ್ ಆದರೆ ಸುಮಾರು 10,900 ಲೋಡು. 60 ದಿನದಲ್ಲಿ ಮುಗಿಯಬೇಕಾದರೆ ದಿನಕ್ಕೆ 180 ಲೋಡು: 15 ಟ್ರ್ಯಾಕ್ಟರ್, ತಲಾ 12 ಸಲ. ಅಷ್ಟು ಟ್ರ್ಯಾಕ್ಟರ್ ಊರಲ್ಲಿವೆಯೇ ಎಂದು ಈಗಲೇ ಕೇಳಿ. ಇಲ್ಲದಿದ್ದರೆ ಹಿಟಾಚಿ ಬಕೆಟ್ ಎತ್ತಿಕೊಂಡು ಟ್ರೇಲರ್ ದಾರಿ ಕಾಯುತ್ತಾ ನಿಲ್ಲುತ್ತದೆ, ಗಂಟೆ ಲೆಕ್ಕದ ಬಾಡಿಗೆ ಏರುತ್ತದೆ. ಅದಕ್ಕೇ ಗಂಟೆ ದರಕ್ಕೆ ಒಪ್ಪಂದ ಬೇಡ, ಘನ ಮೀಟರ್ ದರವೇ ಇರಲಿ.

ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಲಕ್ಕೆ ಹೊಡೆದುಕೊಳ್ಳುವ ರೈತರು ಸಾಗಣೆ ಖರ್ಚು ತಾವೇ ಹಾಕಲಿ. ಅಫ್ಘಾನಿಸ್ತಾನದಲ್ಲಿ 2003ರಲ್ಲಿ ಶುರುವಾದ ಹಳ್ಳಿ ಯೋಜನೆಯಲ್ಲೂ ಊರವರು ಶೇ 10ರಷ್ಟನ್ನು ಹಣ, ದುಡಿಮೆ, ಸಾಮಾನಿನ ರೂಪದಲ್ಲಿ ಕೊಡಬೇಕಿತ್ತು. ಆದರೆ ಹೊಳಲ್ಕೆರೆ, ಚನ್ನಗಿರಿಯ ಅಡಿಕೆ ತೋಟದವರಿಗೆ ಇದು ಹಗುರ, ಮೊಳಕಾಲ್ಮುರಿನ ಶೇಂಗಾ ರೈತನಿಗೆ ಭಾರ. ಎರಡು ಎಕರೆಗಿಂತ ಕಡಿಮೆ ಖುಷ್ಕಿ (ಮಳೆ ನಂಬಿದ ಜಮೀನು) ಇರುವವರ ಡೀಸೆಲ್‌ಗೆ ನಿಧಿಯಿಂದ ಒಂದು ಪಾಲು ಇಡುವುದು ನ್ಯಾಯ. ಇಲ್ಲದಿದ್ದರೆ ಆ ಮಣ್ಣೆಲ್ಲ ಉಳ್ಳವರ ತೋಟಕ್ಕೇ ಹೋಗುತ್ತದೆ.

ಅಳತೆ

ಕೆಲಸಕ್ಕೆ ಮೊದಲು 10 ಮೀಟರ್ ಚೌಕಗಳಲ್ಲಿ ಲೆವೆಲ್ (ನೆಲದ ಎತ್ತರದ ಅಳತೆ) ತೆಗೆಸಿ, ಮುಗಿದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ತೆಗೆಸಿ. ನಡುನಡುವೆ ಸಾಕ್ಷಿ ಗುಡ್ಡೆ (ಮೊದಲಿನ ಮಟ್ಟ ತೋರಿಸಲು ಅಗೆಯದೆ ಬಿಟ್ಟ ದಿಬ್ಬ) ಬಿಡಿಸಿ, ಅಂತಿಮ ಅಳತೆಯಾಗುವ ತನಕ ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಬಿಲ್ ಗುಂಡಿಯ ಅಳತೆಗೆ, ಲೋಡಿನ ಎಣಿಕೆಗಲ್ಲ. ಉಬ್ಬಿದ ಮಣ್ಣಿನ ಲೆಕ್ಕಕ್ಕೆ ದುಡ್ಡು ಕೊಟ್ಟರೆ 100 ರೂಪಾಯಿ ಕೆಲಸಕ್ಕೆ 125 ಹೋಗುತ್ತದೆ, ಯಾರೂ ಸುಳ್ಳು ಹೇಳದೆಯೇ. ಏರಿಯ (ಕೆರೆಯ ಕಟ್ಟೆಯ) ಬುಡದಿಂದ ಎಂಜಿನಿಯರ್ ಹಾಕಿದ ಗೆರೆ ದಾಟಿ ಅಗೆಯಬಾರದು, ಹೂಳು ಮುಗಿದು ಗಟ್ಟಿ ತಳ ಕಂಡ ಮೇಲೆ ಇಳಿಯಬಾರದು. ತಳ ಒಡೆದರೆ ಕೆರೆಯಲ್ಲಿ ನೀರು ನಿಲ್ಲದು.

ಅಳತೆ ಪರಿಶೀಲಿಸುವವರು ದಾನಿಗೂ ಗುತ್ತಿಗೆದಾರನಿಗೂ ಸಂಬಂಧವಿಲ್ಲದವರಾಗಿರಲಿ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳನ್ನು ಕೇಳಬಹುದು. ಅಫ್ಘಾನ್ ನಿಧಿ ಬಿಲ್ ನೋಡಲು ಹೊರಗಿನ ಸಂಸ್ಥೆಯನ್ನು ಇಟ್ಟುಕೊಂಡಿತ್ತು. ನಿಯಮಕ್ಕೆ ಹೊಂದದ ಖರ್ಚನ್ನು ನಿಧಿ ತುಂಬಿಕೊಡುತ್ತಿರಲಿಲ್ಲ.

ಕಾಗದ ಅತಿಯಾದರೆ

ದಕ್ಷಿಣ ಸುಡಾನ್‌ಗೆಂದು 2005ರ ಶಾಂತಿ ಒಪ್ಪಂದದ ಬಳಿಕ ಹುಟ್ಟಿದ ಕೂಡು ನಿಧಿ ಇದಕ್ಕೆ ಎದುರಿನ ಪಾಠ. ಆಗಷ್ಟೇ ಕಣ್ಣು ಬಿಟ್ಟ ಆಡಳಿತದ ಮೇಲೆ ಭಾರಿ ಖರೀದಿ ನಿಯಮ ಹೊರಿಸಿದ್ದರಿಂದ ಹಣ ಖಾತೆಯಲ್ಲೇ ಕೊಳೆಯಿತು, ದಾನಿಗಳು ಬೇಸತ್ತು ಬೇರೆ ನಿಧಿ ತೆರೆದರು. ನಮ್ಮಲ್ಲಿ ₹25,000ದೊಳಗಿನ ಖರ್ಚಿಗೆ ಬಿಲ್ಲು ಮತ್ತು ಎರಡು ಸಹಿ ಸಾಕು. ಅದಕ್ಕೆ ಮೇಲ್ಪಟ್ಟರೆ ಮೂರು ಕೊಟೇಶನ್, ಸಮಿತಿಯ ನಡಾವಳಿ.

ಕಾಲ

ಹೂಳೆತ್ತಲು ಸಿಗುವುದು ಫೆಬ್ರವರಿಯಿಂದ ಮೇ. ಹಣ ಜನವರಿ ಕೊನೆಗೆ ಖಾತೆಯಲ್ಲಿರಬೇಕು. ಕೊಡುತ್ತೇನೆ ಎಂದದ್ದು ಹಣವಲ್ಲ. ಖಾತೆಗೆ ಬಂದಷ್ಟಕ್ಕೆ ಮಾತ್ರ ಕಾರ್ಯಾದೇಶ ಕೊಡಿ, ಕೆರೆಯನ್ನು ಹೋಳು ಮಾಡಿಕೊಂಡು ಒಂದೊಂದೇ ಮುಗಿಸಿ. ಕಂಪನಿಗಳು ಮಾರ್ಚ್ 31ಕ್ಕೆ ಬಳಕೆ ಪ್ರಮಾಣಪತ್ರ ಕೇಳುತ್ತವೆ, ನಿಮ್ಮ ಕೆಲಸ ಆಗ ಅರ್ಧದಲ್ಲಿರುತ್ತದೆ. ಸುಳ್ಳು ಪತ್ರ ಕೊಡಬೇಡಿ. ಮೊದಲೇ ಅದನ್ನು 'ಮುಂದುವರಿಯುವ ಯೋಜನೆ' ಎಂದು ದಾಖಲಿಸಲು ಹೇಳಿ. ಆಗ ಕಂಪನಿ ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ವಿಶೇಷ ಖಾತೆಗೆ ಹಾಕಿ ಮುಂದಿನ 3 ಆರ್ಥಿಕ ವರ್ಷಗಳಲ್ಲಿ ಖರ್ಚು ಮಾಡಲು ಕಾನೂನಿನಲ್ಲಿ ದಾರಿಯಿದೆ.

ಪಂಚಾಯಿತಿ ಬದಲಾದರೆ

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ನಿಧಿಯಿಂದ ಹಣ ಹೋಗುವುದು ನಿಂತಿತು. ಡಿಸೆಂಬರ್‌ನಲ್ಲಿ ದಾನಿಗಳು ಸೇರಿ 28 ಕೋಟಿ ಡಾಲರನ್ನು ಯುನಿಸೆಫ್ ಮತ್ತು ವಿಶ್ವ ಆಹಾರ ಕಾರ್ಯಕ್ರಮಕ್ಕೆ ಕೊಡಲು ಒಪ್ಪಿದರು. ನಡುವಿನ ತಿಂಗಳುಗಳು ಜನರಿಗೆ ಬಹಳ ದುಬಾರಿಯಾದವು. ನಮ್ಮಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿ ಬರಬಹುದು, ಅಧ್ಯಕ್ಷರ ಮೇಲೆ ಅವಿಶ್ವಾಸ ಆಗಬಹುದು. ಆಗ ಕಾರ್ಯಾದೇಶಕ್ಕೆ ಸಹಿ ಯಾರದು, ಎಷ್ಟು ದಿನ ಕಾಯುವುದು, ಕೆಲಸ ನಿಂತೇ ಹೋದರೆ ಉಳಿದ ಹಣ ಯಾವ ಕೆರೆಗೆ ಎಂಬ ಮೂರು ಸಾಲು ಒಪ್ಪಂದದಲ್ಲಿರಲಿ.

ಎತ್ತಿಟ್ಟ ನಿರ್ವಹಣೆ ಹಣವನ್ನು ಪ್ರತಿ ಏಪ್ರಿಲ್‌ನಲ್ಲಿ ಏರಿಯ ಮೇಲಿನ ಜಾಲಿ ಕಡಿಸಲು, ತೂಬಿನ ಬಾಗಿಲಿಗೆ ಗ್ರೀಸ್ ಹಾಕಿಸಲು, ಕೋಡಿಯ ಬಿರುಕು ಮುಚ್ಚಿಸಲು ಬಿಡುಗಡೆ ಮಾಡಿ. ಷರತ್ತು ಒಂದೇ: ಮೊದಲ ವರ್ಷ ಪಂಚಾಯಿತಿ ಕಾಲು ಭಾಗ, ಎರಡನೇ ವರ್ಷ ಅರ್ಧ, ಮೂರನೇ ವರ್ಷ ಮುಕ್ಕಾಲು ತನ್ನ ನಿಧಿಯಿಂದ ಹಾಕಬೇಕು. ಮೂರನೇ ವರ್ಷದ ಆಡಿಟ್ ವರದಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಪ್ರತಿಯನ್ನು ಎಲ್ಲ ದಾನಿಗಳಿಗೂ ಕಳಿಸಿ, ಖಾತೆ ಮುಚ್ಚಿ.