ಲ್ಯಾಡರ್ ಬರೆಯುವ ಮೊದಲು ಹುಣಸೆ ಬೀಜ ಓಡಿಸಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ನಾವು ಕೂರಿಸಿದ ಸೆಲ್ (ಒಟ್ಟಿಗೆ ದುಡಿಯುವ ಯಂತ್ರಗಳ ಗುಂಪು) ಚಿಕ್ಕದು: ಜಾಬ್ ಅಂದರೆ ಕೊರೆಯಬೇಕಾದ ಲೋಹದ ತುಂಡನ್ನು ತರುವ ಕನ್ವೇಯರ್, ಕಂಪ್ಯೂಟರ್ ನಡೆಸುವ ಒಂದು ಸಿಎನ್‌ಸಿ ಲೇತ್, ಅಳತೆ ನೋಡುವ ಗೇಜಿಂಗ್ ಸ್ಟೇಷನ್, ನಡುವೆ ಒಂದು ರೋಬೋ. ಇಷ್ಟು ಚಿಕ್ಕದಕ್ಕೆ ‘ಸ್ಟೆಪ್ 1, ಸ್ಟೆಪ್ 2’ ಅಂತ ಉದ್ದಕ್ಕೆ ಲ್ಯಾಡರ್ (ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ಕಂಟ್ರೋಲರ್‌ನ ಪ್ರೋಗ್ರಾಂ) ಬರೆದುಕೊಂಡು ಹೋಗುವವರೇ ಹೆಚ್ಚು. ಟ್ರಯಲ್‌ನಲ್ಲಿ ಅದು ಓಡುತ್ತದೆ. ಗೇಜಿಂಗ್‌ನಲ್ಲಿ ಒಂದು ಪೀಸ್ ರಿಜೆಕ್ಟ್ ಆದರೆ ಸಾಕು, ಮುಗ್ಗರಿಸುತ್ತದೆ.

ನಾವು ಕ್ರಮವನ್ನು ಮೊದಲು ಬರೆಯುವುದೇ ಇಲ್ಲ. ಪ್ರತಿ ಆಪರೇಷನ್‌ಗೆ ಒಂದು ಚೀಟಿ, ಅದರಲ್ಲಿ ಮೂರು ಸಾಲು: ಶುರುವಾಗಲು ಏನೇನು ಇರಬೇಕು, ನಡೆಯುವಾಗ ಯಾವ ಔಟ್‌ಪುಟ್ ಆನ್, ಮುಗಿಯಿತು ಎನ್ನಲು ಯಾವ ಸೆನ್ಸರ್ ಸಾಕ್ಷಿ. ‘ಚಕ್ ಬಿಗಿ’ ಚೀಟಿ (ಚಕ್ ಎಂದರೆ ಲೇತ್‌ನಲ್ಲಿ ಜಾಬ್ ಹಿಡಿಯುವ ಭಾಗ) ಹೀಗಿದೆ: ಅದನ್ನು ತಿರುಗಿಸುವ ಸ್ಪಿಂಡಲ್ ನಿಂತಿರಬೇಕು, ರೋಬೋ ಜಾಬ್ ಹಿಡಿದು ಲೋಡ್ ಪಾಯಿಂಟ್‌ನಲ್ಲಿರಬೇಕು, ಮುಗಿದದ್ದಕ್ಕೆ ಸಾಕ್ಷಿ ಚಕ್ ಪ್ರೆಶರ್ ಸ್ವಿಚ್. ಅದೇ ಸ್ವಿಚ್ ರೋಬೋ ಕೈಯ ‘ಗ್ರಿಪ್ಪರ್ ಬಿಡು’ ಚೀಟಿಯ ಮೊದಲ ಸಾಲಿನಲ್ಲಿ ಬರುತ್ತದೆ. ಚೀಟಿಗಳು ತಾವಾಗಿಯೇ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ.

ನಂತರ ಪೆಟ್ರಿ ನೆಟ್. ಕಾರ್ಲ್ ಆಡಂ ಪೆಟ್ರಿಯ 1962ರ ಪ್ರಬಂಧದ ವಿಚಾರದಿಂದ ಬೆಳೆದ ಈ ನಕ್ಷೆಗೆ ಸಾಫ್ಟ್‌ವೇರ್ ಬೇಕೆಂದೇನಿಲ್ಲ. ಡ್ರಾಯಿಂಗ್ ಹಾಳೆಯ ಮೇಲೆ ವೃತ್ತಗಳೆಂದರೆ ಸ್ಥಿತಿ, ಅಡ್ಡಗೆರೆಗಳೆಂದರೆ ಘಟನೆ, ಹುಣಸೆ ಬೀಜಗಳೆಂದರೆ ಜಾಬ್. ಷರತ್ತು ಕೂಡಿದಾಗಷ್ಟೇ ಬೀಜ ಗೆರೆ ದಾಟಿ ಮುಂದಿನ ವೃತ್ತಕ್ಕೆ ಹೋಗುತ್ತದೆ. ಲೇತ್ ಕಟಿಂಗ್ ಮಾಡುತ್ತಿರುವಾಗ ರೋಬೋ ಸುಮ್ಮನಿರದೆ ಕನ್ವೇಯರ್‌ನಿಂದ ಕಚ್ಚಾ ಜಾಬ್ ಎತ್ತಿತು ಅನ್ನಿ. ಈಗ ಒಂದು ಬೀಜ ಚಕ್‌ನಲ್ಲಿ, ಒಂದು ಗ್ರಿಪ್ಪರ್‌ನಲ್ಲಿ. ಕಟಿಂಗ್ ಮುಗಿದರೂ ತೆಗೆಯಲು ಕೈ ಖಾಲಿಯಿಲ್ಲ, ಕೈಯಲ್ಲಿರುವುದನ್ನು ಇಡಲು ಚಕ್ ಖಾಲಿಯಿಲ್ಲ. ಯಾವ ಬೀಜವೂ ಅಲುಗುವುದಿಲ್ಲ: ಡೆಡ್‌ಲಾಕ್. ‘ಕಚ್ಚಾ ಜಾಬ್ ಎತ್ತು’ ಚೀಟಿಗೆ ‘ಚಕ್ ಖಾಲಿ’ ಎಂಬ ಷರತ್ತು ಸೇರಿಸಿದರೆ ಗಂಟು ಬಿಚ್ಚುತ್ತದೆ.

ಆದರೆ ಅದು ಪುಕ್ಕಟೆಯಲ್ಲ. ಕಟಿಂಗ್ 48 ಸೆಕೆಂಡ್. ತೆಗೆಯಲು 7, ಗೇಜ್‌ಗೆ ಇಡಲು 5, ಹೊಸದು ಎತ್ತಲು 6, ಲೋಡ್‌ಗೆ 7. ಒಟ್ಟು 25 ಸೆಕೆಂಡ್ ಲೇತ್ ಖಾಲಿ ನಿಲ್ಲುತ್ತದೆ. ಒಂದು ಪೀಸಿನ ಸೈಕಲ್ 73 ಸೆಕೆಂಡ್. ಜೋಡಿ ಗ್ರಿಪ್ಪರ್ ಹಾಕಿದರೆ ಒಂದು ಕೈ ಹೊಸದನ್ನು ಹಿಡಿದಿದ್ದರೂ ಇನ್ನೊಂದು ಖಾಲಿ, ಆ ಷರತ್ತೇ ಬೇಡ: ತೆಗೆ 7, ತಿರುಗಿಸು 2, ಲೋಡ್ 7. ಸೈಕಲ್ 64, ಉಳಿದ 11 ಸೆಕೆಂಡ್ ಕೆಲಸ ಕಟಿಂಗ್ ಸಮಯದೊಳಗೇ ಮುಗಿಯುತ್ತದೆ. ಗಂಟೆಗೆ 49 ಪೀಸ್ ಇದ್ದದ್ದು 56. ಗ್ರಿಪ್ಪರ್ ಖರ್ಚು ಬೇಕೋ ಬೇಡವೋ ಎಂಬುದು ಹಾಳೆಯ ಮೇಲೇ ತೀರ್ಮಾನವಾಗುತ್ತದೆ.

ಸೆನ್ಸರ್ ವಿಷಯದಲ್ಲಿ ನಂಬಿಕೆ ಕಡಿಮೆ ಇರಲಿ. ಗಾಳಿಯಿಂದ ಓಡುವ ಸಿಲಿಂಡರ್‌ನಲ್ಲಿ ಪಿಸ್ಟನ್ ಎಲ್ಲಿದೆ ಎಂದು ತಿಳಿಸುವ ಹಿಂದಿನ ರೀಡ್ ಸ್ವಿಚ್ ಆಫ್ ಆದರೆ ಪಿಸ್ಟನ್ ಮುಂದೆ ತಲುಪಿತು ಎಂದಲ್ಲ, ನಡುವೆ ಸಿಕ್ಕಿಕೊಂಡಿರಬಹುದು. ಎರಡೂ ತುದಿಗೆ ಸ್ವಿಚ್ ಬೇಕು. 0.8 ಸೆಕೆಂಡಿನ ಸ್ಟ್ರೋಕ್‌ಗೆ 2.5 ಸೆಕೆಂಡ್ ಟೈಮ್‌ಔಟ್ ಇಟ್ಟಿದ್ದೇವೆ, ಅಷ್ಟರೊಳಗೆ ಮುಂದಿನ ಸ್ವಿಚ್ ಆನ್ ಆಗದಿದ್ದರೆ ದೋಷ ಎಂದರ್ಥ. ಮುಟ್ಟದೆಯೇ ಲೋಹವನ್ನು ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ಮೇಲೆ ಲೋಹದ ಚೂರು ಅಂಟಿದರೆ ಅದು ಸದಾ ಆನ್. ಆದ್ದರಿಂದ ಪ್ರತಿ ಸೈಕಲ್‌ನಲ್ಲಿ ಒಮ್ಮೆಯಾದರೂ ಆಫ್ ಆಯಿತೇ ಎಂದು ಪ್ರೋಗ್ರಾಂ ನೋಡಬೇಕು.

ಇನ್ನು ಕರೆಂಟ್. ಗ್ರಿಪ್ಪರ್‌ಗೆ ಗಾಳಿ ಕೊಡುವುದು ಸಿಂಗಲ್ ಸೊಲೆನಾಯ್ಡ್ ವಾಲ್ವ್ ಆಗಿದ್ದರೆ ಕರೆಂಟ್ ಹೋದೊಡನೆ ಸ್ಪ್ರಿಂಗ್ ತಳ್ಳಿ ಗ್ರಿಪ್ಪರ್ ಬಿಟ್ಟೀತು. ಹಿಡಿಯುವ ಜಾಗಕ್ಕೆಲ್ಲ ಡಬಲ್ ಸೊಲೆನಾಯ್ಡ್ ಹಾಕಿ, ಕರೆಂಟ್ ಹೋದರೂ ಅದು ಇದ್ದ ಸ್ಥಿತಿಯಲ್ಲೇ ಉಳಿಯುತ್ತದೆ. ಪಿಎಲ್‌ಸಿಯ ನೆನಪಿನಲ್ಲಿ ‘ಚಕ್ ಖಾಲಿ’ ಎಂದಿದ್ದು, ನಿಜವಾಗಿ ಜಾಬ್ ಇದ್ದರೆ ರೋಬೋ ಅದರ ಮೇಲೇ ಇನ್ನೊಂದನ್ನು ಗುದ್ದುತ್ತದೆ. ಹಾಗಾಗಿ ಕರೆಂಟ್ ಬಂದ ಮೇಲೆ ಸೆಲ್‌ನ ಆಟೋಮ್ಯಾಟಿಕ್ ಓಟ ತಾನಾಗಿ ಶುರುವಾಗಬಾರದು. ಸ್ಕ್ರೀನ್ ಮೇಲೆ ‘ಚಕ್‌ನಲ್ಲಿ ಜಾಬ್ ಇದೆಯೇ?’ ಎಂದು ಕೇಳಿ, ಆಪರೇಟರ್ ಬಾಗಿಲು ತೆರೆದು ನೋಡಿ ಉತ್ತರ ಒತ್ತಿದ ಮೇಲಷ್ಟೇ ರೋಬೋ ನಿಧಾನದ ವೇಗದಲ್ಲಿ ಹೋಮ್‌ಗೆ, ಅಂದರೆ ಶುರುವಿನ ಜಾಗಕ್ಕೆ, ಹೋಗುತ್ತದೆ.